ಇಸಾಕನ ಬಾವಿ ಮತ್ತು ನಮ್ಮ ಇಂಗುಗುಂಡಿ



ಹಂಪನಕಟ್ಟೆಯಲ್ಲಿ ಬಸ್ಸಿಳಿಯುವ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರಿನೊಳಗಿನ 'ಕಟ್ಟೆ' ನೆನಪಾಗುತ್ತದೆ? ದಾರಿಹೋಕರು ಕುಳಿತು ನೀರು ಕುಡಿದು ದಣಿವಾರಿಸಿಕೊಳ್ಳುತ್ತಿದ್ದ ಜಾಗವದು ಎಂದು ಹಿರಿಯರು ಹೇಳುತ್ತಾರೆ. 2021ರಲ್ಲಿ ರಸ್ತೆ ಕೆಲಸಕ್ಕಾಗಿ ಅಗೆಯುವಾಗ ಅಲ್ಲಿ ಹಳೆಯ ಬಾವಿಯೊಂದು ಕಾಣಿಸಿಕೊಂಡಿತು. ಅದನ್ನು ಮುಚ್ಚಿ, ಮರೆತು, ನಾವು ಅದರ ಮೇಲೆಯೇ ಓಡಾಡಿಕೊಂಡಿದ್ದೆವು!

ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಂಥದೇ ಒಂದು ಸಂಗತಿಯಿದೆ. ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿದ್ದರು. ಇಸಾಕನು ಅವನ್ನು ಮತ್ತೆ ತೋಡಿಸಿ, ತಂದೆ ಇಟ್ಟ ಹೆಸರುಗಳನ್ನೇ ಇಟ್ಟನು. ಫಿಲಿಷ್ಟಿಯರನ್ನು ದೂರುವುದು ಸುಲಭ. ನನಗೆ ಮಾತ್ರ ಆ ಧೈರ್ಯವಿಲ್ಲ.

ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ವಾರ್ಷಿಕ ಹಬ್ಬಕ್ಕೆ ಮುಂಚೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿಸಿದವನು ನಾನೇ. ಕೆಸರು ಹೋಯಿತೆಂದು ಎಲ್ಲರೂ ಹೊಗಳಿದರು. ಮುಂದಿನ ಜೂನ್‌ನಲ್ಲಿ ಅಂಗಳದ ನೀರು ಕೆಳಗಿನ ಎರಡು ಮನೆಗಳಿಗೆ ನುಗ್ಗಿತು. ಒಂದು ಮನೆಯಲ್ಲಿ ಅಕ್ಕಿಯೆಲ್ಲ ನೆನೆಯಿತು. ಆ ಮನೆಯವರು ಭಾನುವಾರ ಬಲಿಪೂಜೆಗೆ ಬಂದರು, ಏನೂ ಹೇಳದೆ ಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಂಗುಗುಂಡಿ ತೋಡಿಸಿದೆವು. ಮೊದಲ ವರ್ಷ ನೀರು ಸರಾಗವಾಗಿ ಇಳಿಯಿತು. ಎರಡನೆಯ ವರ್ಷ ತಳದಲ್ಲಿ ನುಣ್ಣನೆಯ ಕೆಸರು ಕೂತು, ಸೆಗಣಿ ಸಾರಿಸಿದ ನೆಲದಂತಾಗಿ, ನೀರು ವಾರಗಟ್ಟಲೆ ನಿಂತಿತು. ಮಲೇರಿಯಾ ಕಂಡ ಊರು ನಮ್ಮದು. ಗುಂಡಿ ಮುಚ್ಚಿಸಿ ಎಂದು ಗುರ್ಕಾರರು ಬಂದದ್ದರಲ್ಲಿ ತಪ್ಪಿಲ್ಲ. ಮುಚ್ಚದಂತೆ ತಡೆದವರು ಮಲ್ಲಿಗೆ ಗಿಡ ಸಾಕುವ ಒಬ್ಬ ಹಿರಿಯ ಬಾಯಿ. "ಬರೀ ಗುಂಡಿ ತೋಡಿದರೆ ಆಯಿತಾ ಫಾದರ್? ಬೇರು ಬೇಡವಾ?" ಎಂದರು. ಸೆಮಿನರಿಯಲ್ಲಿ ಕಾರ್ಯಕಾರಣ ತತ್ವವನ್ನು ವರ್ಷಗಟ್ಟಲೆ ಓದಿದ ನನಗೆ ಅದು ಹೊಳೆದಿರಲಿಲ್ಲ.

ತಳದ ಕೆಸರು ಕೆರೆದು ತೆಗೆದು, ನೀರು ಬರುವ ಬಾಯಿಗೆ ಅಡ್ಡಲಾಗಿ ಲಾವಂಚದ ಸಾಲು ನೆಟ್ಟೆವು, ಇಳಿಜಾರಿಗೆ ಗರಿಕೆ. ಲಾವಂಚದ ಒತ್ತಾದ ಬುಡ ನೀರಿನ ಓಟವನ್ನು ತಗ್ಗಿಸುತ್ತದೆ, ಹೂಳು ಅಲ್ಲೇ ಕೂರುತ್ತದೆ. ಬೇರು ಹರಡುವುದಕ್ಕಿಂತ ಹೆಚ್ಚಾಗಿ ನೇರ ಕೆಳಗಿಳಿಯುತ್ತದೆ, ಎರಡು ಮೂರು ಮೀಟರಿನವರೆಗೂ. ಹಳೆಯ ಬೇರು ಸತ್ತು ಕೊಳೆತಾಗ ಅದಿದ್ದ ದಾರಿ ಮಣ್ಣಿನಲ್ಲಿ ಕೊಳವೆಯಂತೆ ಉಳಿದು, ನೀರು ಅದರಲ್ಲೇ ಇಳಿಯುತ್ತದೆ. ಸತ್ತ ಬೇರೂ ಸೇವೆ ಮಾಡುತ್ತದೆ. ಜುಲೈಯಲ್ಲಿ ಮುಳುಗಿ, ಮಾರ್ಚ್‌ನಲ್ಲಿ ಒಣಗಿ, ಎರಡನ್ನೂ ತಾಳುವ ಗಿಡವೇ ಇಲ್ಲಿಗೆ ಬೇಕು. ಚೆಂದಕ್ಕೆಂದು ನಾನು ನೆಡಿಸಿದ ಗುಲಾಬಿ ಒಂದೇ ಮಳೆಗಾಲಕ್ಕೆ ಕೊಳೆಯಿತು.

ಎಚ್ಚರವೂ ಬೇಕು. ಮಳೆ ಬಿಟ್ಟು ಎರಡು ಮೂರು ದಿನದೊಳಗೆ ಗುಂಡಿ ಬರಿದಾಗಬೇಕು. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರವಾದರೂ ಬೇಕು. ಶೌಚದ ಗುಂಡಿಯ ಪಕ್ಕ ತೋಡಬಾರದು. ಮುರಕಲ್ಲಿನಡಿ ಶೇಡಿ ಮಣ್ಣಿರುವ, ಕಡಿದ ಗುಡ್ಡದ ಅಂಚಿನಲ್ಲಂತೂ ನೀರಿಂಗಿಸಲೇಬಾರದು, ಗುಡ್ಡವೇ ಜಾರೀತು.

ನಮ್ಮೂರಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 1,000 ಚದರ ಅಡಿ ಮಾಡಿನ ಮೇಲೆ ಬೀಳುವುದೇ 3 ಲಕ್ಷ ಲೀಟರಿಗೂ ಹೆಚ್ಚು. ಆದರೂ 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ತಗ್ಗಿ, ನಗರಕ್ಕೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಬರೆದರು. ಬಾವಿಗಾಗಿ ಇಸಾಕನ ಕುರುಬರೊಡನೆ ಎರಡು ಸಲ ಜಗಳ ನಡೆಯಿತು. ಅವನು ಬಡಿದಾಡಲಿಲ್ಲ, ಮುಂದೆ ಹೋಗಿ ಇನ್ನೊಂದು ತೋಡಿಸಿದನು. ನಾವಾದರೋ ನಮ್ಮ ಅಂಗಳದ ನೀರನ್ನು ನೆರೆಯವರತ್ತ ತಿರುಗಿಸಿ ಬಾಗಿಲು ಹಾಕಿಕೊಳ್ಳುತ್ತೇವೆ.

ಕಳೆದ ಮೊಂತಿ ಫೆಸ್ತಿಗೆ ಆ ಊರಿಗೆ ಹೋಗಿದ್ದೆ. ಲಾವಂಚ ಹೂ ತಂದ ಮಕ್ಕಳ ಎತ್ತರಕ್ಕೆ ಬೆಳೆದಿತ್ತು. ಈಗಿನ ಫಾದರ್ ಅಂಗಳದ ಅಂಚಿನ ಇಂಟರ್‌ಲಾಕ್ ಕಿತ್ತು ಗರಿಕೆ ಬಿಟ್ಟಿದ್ದಾರೆ. ಕೆಳಗಿನ ಆ ಮನೆಗೂ ಹೋದೆ. ಚಹಾ ಕೊಟ್ಟರು, ಅಕ್ಕಿಯ ಮಾತು ಈ ಸಲ ನಾನೇ ತೆಗೆದೆ.