ಅಪ್ಪಾ ಎಂದು ಕರೆಯುವ ಧೈರ್ಯ



ಪ್ರಭು ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ತಂದೆಯನ್ನು ‘ಅಬ್ಬಾ’ ಎಂದು ಕರೆಯುತ್ತಿದ್ದರು. ನಮ್ಮ ‘ಅಪ್ಪಾ’ ಎಂಬ ಕರೆಗೆ ಅದು ಎಷ್ಟು ಹತ್ತಿರ! ಅದು ಮನೆಯ ಮಾತು, ಕಚೇರಿಯ ಮಾತಲ್ಲ. ಆದರೆ ನಮ್ಮ ಪ್ರಾರ್ಥನೆ ಎಷ್ಟೋ ಸಲ ಕಚೇರಿಗೆ ಕೊಟ್ಟ ಅರ್ಜಿಯಂತಿರುತ್ತದೆ. ಬೇಡಿಕೆ ಒಪ್ಪಿಸುತ್ತೇವೆ, ಜೊತೆಗೊಂದು ಹರಕೆ ಇಡುತ್ತೇವೆ, ಕೆಲಸ ಆಗದಿದ್ದರೆ ದೇವರು ಕೇಳಲಿಲ್ಲವೆಂದು ಮುನಿಯುತ್ತೇವೆ.

ಮಗು ಹಾಗಲ್ಲ. ಜಮಖಂಡಿ ತಾಲ್ಲೂಕಿನ ಹುನ್ನೂರಿನಂಥ ಊರಲ್ಲಿ ಕಬ್ಬು ಕಡಿಯುವ ಕಾಲವನ್ನು ನೆನೆಯಿರಿ. ಹೊಲಕ್ಕೆ ಬಂದ ಮಗು ಅಪ್ಪನ ಕೈಯ ಕೊಯ್ತವೇ ಬೇಕೆಂದು ಹಟ ಹಿಡಿಯುತ್ತದೆ. ಅಪ್ಪ ಅದನ್ನು ಕೊಡುವುದಿಲ್ಲ. ಸಿಪ್ಪೆ ಸುಲಿದ ಕಬ್ಬಿನ ತುಂಡು ಕೊಡುತ್ತಾನೆ. ಮಗು ಅಳುತ್ತದೆ. ಅಳುತ್ತಲೇ ಅಪ್ಪನ ಹೆಗಲಿಗೆ ಒರಗುತ್ತದೆ. ರೊಟ್ಟಿ ಕೇಳಿದ ಮಗನಿಗೆ ಕಲ್ಲು ಕೊಡುವ ತಂದೆ ಉಂಟೇ ಎಂದು ಪ್ರಭು ಕೇಳಿದ್ದು ಇದನ್ನೇ (ಮತ್ತಾಯ 7:9-11).

ಆದರೆ ಕೆಲವರಿಗೆ ಈ ಮಾತು ಸುಲಭವಲ್ಲ. ಕುಡಿದು ಬಂದು ಬಡಿಯುವ ತಂದೆಯನ್ನೇ ಕಂಡು ಬೆಳೆದವರಿಗೆ ‘ತಂದೆ’ ಎಂಬ ಪದವೇ ಮುಳ್ಳಿನಂತೆ ಚುಚ್ಚುತ್ತದೆ. ಅಂಥವರು ತಮ್ಮ ಮನೆಯ ತಂದೆಯನ್ನು ನೋಡಿ ದೇವರನ್ನು ಅಳೆಯಬೇಕಾಗಿಲ್ಲ. ತಪ್ಪಿಹೋದ ಮಗನನ್ನು ದೂರದಿಂದಲೇ ಕಂಡು, ಮರುಗಿ, ಓಡಿಹೋಗಿ ಅಪ್ಪಿಕೊಂಡ ತಂದೆಯನ್ನು ಯೇಸು ನಮಗೆ ತೋರಿಸಿದ್ದಾರೆ (ಲೂಕ 15:20). ಆತನೇ ಅಳತೆಗೋಲು, ಲೋಕದ ತಂದೆಯರೆಲ್ಲ ಆತನ ಮುಂದೆ ನಿಲ್ಲಬೇಕಾದವರು.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಇದೇ ತಾಲ್ಲೂಕಿನಲ್ಲಿ ಹರಿಯುವ ಕೃಷ್ಣೆಯ ನೀರಿಗಾಗಿ ಹಂಬಲಿಸಿದ ರೈತರು 1989ರಲ್ಲಿ ಚಿಕ್ಕಪಡಸಲಗಿಯ ಬಳಿ ತಮ್ಮದೇ ಹಣ, ತಮ್ಮದೇ ಶ್ರಮ ಹಾಕಿ ಬ್ಯಾರೇಜು ಕಟ್ಟಿದರು. ಅನುದಿನದ ಆಹಾರವನ್ನು ಬೇಡುವವನು ಕೈಕಟ್ಟಿ ಕೂರಬಾರದು, ‘ನನ್ನ’ ತಂದೆ ಎನ್ನದೆ ‘ನಮ್ಮ’ ತಂದೆ ಎನ್ನಬೇಕು ಎಂಬುದಕ್ಕೆ ಅದೊಂದು ಒಳ್ಳೆಯ ಪಾಠ. ಆದರೆ 2019ರ ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಉಕ್ಕಿ ನದಿತೀರದ ಹಳ್ಳಿಗಳಿಗೆ ನುಗ್ಗಿತು. ಬೆಳೆದು ನಿಂತ ಕಬ್ಬು ನೀರಿನಲ್ಲಿ ಕೊಳೆಯಿತು. ನೀರು ಬೇಕೆಂದು ಮೊರೆಯಿಟ್ಟ ಜನ ನೀರಿನಿಂದ ಕಾಪಾಡೆಂದು ಮೊರೆಯಿಟ್ಟರು. ಆ ದಿನ ಪರಿಹಾರ ಕೇಂದ್ರದ ಚಾಪೆಯ ಮೇಲೆ ಕೂತವರು ದೇವರನ್ನು ‘ತಂದೆ’ ಎಂದು ಹೇಗೆ ಕರೆಯಬೇಕು?

ಇದಕ್ಕೆ ಉತ್ತರ ಗೆತ್ಸೆಮನೆ ತೋಟದಲ್ಲಿದೆ. ನಾಲ್ಕೂ ಶುಭಸಂದೇಶಗಳಲ್ಲಿ ‘ಅಬ್ಬಾ’ ಎಂಬ ಪದ ಯೇಸುವಿನ ಬಾಯಿಂದ ಬರುವುದು ಒಂದೇ ಒಂದು ಸಲ (ಮಾರ್ಕ 14:36). ಅದು ರೋಗಿಗಳನ್ನು ಗುಣಪಡಿಸಿದ ಸಂತೋಷದಲ್ಲಿ ಅಲ್ಲ, ಜನರು ಜೈಕಾರ ಹಾಕಿದಾಗಲೂ ಅಲ್ಲ. ಶಿಷ್ಯರು ನಿದ್ದೆಹೋಗಿದ್ದ ಸಂಕಟದ ರಾತ್ರಿ, ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿದಾಗ. ಆ ಪಾತ್ರೆ ದೂರವಾಗಲಿಲ್ಲ. ಆದರೂ ಯೇಸು ತಂದೆಯ ಕೈ ಬಿಡಲಿಲ್ಲ. ತಂದೆಯೂ ಮಗನನ್ನು ಸಮಾಧಿಯಲ್ಲಿ ಬಿಡಲಿಲ್ಲ. ಭರವಸೆ ಎಂದರೆ ಕೇಳಿದ್ದು ಸಿಕ್ಕೇ ಸಿಗುತ್ತದೆಂಬ ಲೆಕ್ಕಾಚಾರವಲ್ಲ. ಸಿಗದ ದಿನವೂ ಅಪ್ಪಾ ಎಂದು ಕರೆಯುವ ಧೈರ್ಯವೇ ಭರವಸೆ. ಆ ಧೈರ್ಯವನ್ನು ನಮ್ಮ ಹೃದಯದಲ್ಲಿ ಇಡುವವರು ಪವಿತ್ರಾತ್ಮರು ಎನ್ನುತ್ತಾರೆ ಸಂತ ಪೌಲರು (ಗಲಾತ್ಯ 4:6).

ದುಡಿದು ದಣಿದು ಬಂದು ಸಂಜೆಯ ಪ್ರಾರ್ಥನೆಯಲ್ಲಿ ತೂಕಡಿಸುವವರೂ ಎದೆಗುಂದಬೇಡಿ. ಬಾಲಯೇಸುವಿನ ಸಂತ ತೆರೇಸಾ ಕೂಡ ಪ್ರಾರ್ಥನೆಯ ವೇಳೆ ನಿದ್ದೆಹೋಗುತ್ತಿದ್ದರು. ಎಚ್ಚರವಿದ್ದರೂ ಮಲಗಿದ್ದರೂ ಮಕ್ಕಳು ಹೆತ್ತವರಿಗೆ ಪ್ರಿಯರೇ ಎಂದು ಅವರು ಸಮಾಧಾನ ತಂದುಕೊಂಡರು. ಅವರನ್ನು ಧರ್ಮಸಭೆ 1997ರಲ್ಲಿ ತನ್ನ ಮಹಾಬೋಧಕರ ಸಾಲಿಗೆ ಸೇರಿಸಿತು.

ಈ ವಾರ ಮನೆಯವರೆಲ್ಲ ಕೂಡಿ ಪ್ರಭು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ‘ತಂದೆ’ ಎಂಬ ಪದದ ಬಳಿ ಸ್ವಲ್ಪ ನಿಲ್ಲಿ. ಸಾಲ, ಮಗಳ ಮದುವೆ, ಕಾಯಿಲೆ, ಯಾವುದನ್ನೂ ಮುಚ್ಚಿಡದೆ ಆತನ ಮುಂದೆ ಇಡಿ. ಮನೆಯಲ್ಲಿ ತಂದೆಯಾದವರು ಅಂದು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸಲಿ. ದೇವರ ಪ್ರೀತಿ ಎಂಥದೆಂದು ಆ ಮಕ್ಕಳಿಗೆ ಮೊದಲು ತಿಳಿಯುವುದು ಆ ಕೈಯಿಂದಲೇ.

ತಂದೆಯೇ, ಕೊಟ್ಟಾಗಲೂ ಕೊಡದಿದ್ದಾಗಲೂ ನಿಮ್ಮ ಮಕ್ಕಳಾಗಿ ಉಳಿಯುವ ವರವನ್ನು ನಮಗೆ ದಯಪಾಲಿಸಿರಿ. ಆಮೆನ್.