ಮರಿಗಳೊಡನೆ ಮರಳಿದ ಕೋಳಿ

ಒಂದು ಕಾಳು ಕಂಡರೂ ಬಳಗವನ್ನು ಕರೆದು ಉಣ್ಣುವ ಕಾಗೆ ಕೋಳಿಗಳನ್ನು ಬಸವಣ್ಣನವರು ಒಂದು ವಚನದಲ್ಲಿ ನಿದರ್ಶನವಾಗಿ ಹಿಡಿದು, ಭಕ್ತಬಳಗದಲ್ಲಿ ಮಮತೆಯಿಲ್ಲದವನು ಆ ಪಕ್ಷಿಗಳಿಗಿಂತ ಕಡೆಯೆಂದು ಸಾರಿರುವುದು ನಮ್ಮ ವಾಚಕರಿಗೆ ಹೊಸತಲ್ಲ. ಆದರೆ ಕೋಳಿಗಳ ನಡತೆಯನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಕಾಳಿಗೆ ಕರೆಯುವ ಅದೇ ಕೋಳಿ, ಮರಿಗಳೊಡನೆ ಮರಳಿ ಬಂದ ತನ್ನ ಹಿಂದಿನ ಸಂಗಾತಿಯನ್ನು ಕುಟುಕಿ ಅಟ್ಟುವುದಿಲ್ಲವೆ? ಹಾಗಾದರೆ ಈ ಹಕ್ಕಿಯಿಂದ ನಾವು ಕಲಿಯಬೇಕಾದುದು ಯಾವುದನ್ನು, ಬಿಡಬೇಕಾದುದು ಯಾವುದನ್ನು?

ಆಕ್ಷೇಪವು ನಿರಾಧಾರವಾದುದಲ್ಲ. ನಮ್ಮ ಮನೆಗಳಲ್ಲಿ ಕೋಳಿ ಸಾಕುವ ವಾಡಿಕೆಯಿಲ್ಲವಾದರೂ ಊರಿನಲ್ಲಿ ಬಾಳುವವರು ಇದನ್ನು ಕಾಣದಿರಲಾರರು. ಕಾವಿಗೆ ಕುಳಿತ ಕೋಳಿ 21 ದಿನ ಗೂಡನ್ನು ಬಿಟ್ಟು ಏಳುವುದೇ ಅಪರೂಪ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಮತ್ತೆ ಮೊಟ್ಟೆಗಳ ಮೇಲೆ ಕೂರುತ್ತದೆ. ಅತ್ತ ಹಿಂಡಿನ ವ್ಯವಹಾರ ಅದಿಲ್ಲದೆಯೇ ಸಾಗುತ್ತದೆ. ನಾರ್ವೆ ದೇಶದ ತೋರ್ಲೈಫ್ ಷೆಲ್ಡರುಪ್-ಎಬ್ಬೆ ಎಂಬ ವಿದ್ವಾಂಸರು ಕೋಳಿಗಳನ್ನು ಬಾಲ್ಯದಿಂದಲೂ ಅವಲೋಕಿಸಿ, 1922ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವ್ಯವಹಾರದ ಗುಟ್ಟನ್ನು ವಿವರಿಸಿದರು. ಯಾವ ಎರಡು ಕೋಳಿಗಳನ್ನು ತೆಗೆದುಕೊಂಡರೂ ಒಂದು ಕುಟುಕುವುದು, ಇನ್ನೊಂದು ತಗ್ಗುವುದು. ಈ ತಾರತಮ್ಯ ಒಮ್ಮೆ ನಿಶ್ಚಯವಾಯಿತೆಂದರೆ ಕಾದಾಟ ಕಡಮೆಯಾಗುತ್ತದೆ. ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟುಗಳಿಂದ. ಕೆಲವು ವಾರ ಕಣ್ಮರೆಯಾದರೆ ಹಳೆಯ ಗೆಳತಿಯೂ ಪರಕೀಯಳು. ಮರಿಗಳಂತೂ ಹಿಂಡು ಎಂದೂ ಕಾಣದ ಜೀವಿಗಳು.

ಆದುದರಿಂದಲೇ ಅನುಭವಸ್ಥರಾದ ಸಾಕುವವರು ತಾಯಿಯನ್ನೂ ಮರಿಗಳನ್ನೂ ಒಮ್ಮೆಗೇ ಹಿಂಡಿನೊಳಕ್ಕೆ ನೂಕುವುದಿಲ್ಲ. ನಡುವೆ ಬಿದಿರಿನ ತಡಿಕೆಯನ್ನೋ ತಂತಿಬಲೆಯನ್ನೋ ಕಟ್ಟಿ, ಒಂದು ವಾರದಷ್ಟು ಕಾಲ ಪರಸ್ಪರ ಕಾಣುವಂತೆ ಇರಿಸುತ್ತಾರೆ. ಬಳಿಕ ಇಕ್ಕಟ್ಟಾದ ಗೂಡಿನಲ್ಲಲ್ಲದೆ ಬಯಲಾದ ಹಿತ್ತಿಲಿನಲ್ಲಿ ಬಿಡುತ್ತಾರೆ. ಕಾಳು ನೀರುಗಳನ್ನು ಎರಡು ಮೂರು ಕಡೆ ಇಡುತ್ತಾರೆ. ಮರಿಗಳು ನುಸುಳಬಲ್ಲ, ದೊಡ್ಡ ಕೋಳಿ ನುಗ್ಗಲಾರದ ಒಂದು ಮರೆಯನ್ನೂ ಮಾಡಿರುತ್ತಾರೆ. ಮೊಟ್ಟೆಯಿಡುವ ಕೋಳಿಗೆ ಹಾಕುವ ಸುಣ್ಣದಂಶ ಹೆಚ್ಚಿರುವ ಮೇವು ಎಳೆಯ ಮರಿಗಳ ಮೂತ್ರಪಿಂಡಕ್ಕೆ ಹಾನಿಕರವಾದುದರಿಂದ ಅವುಗಳ ಆಹಾರ ಬೇರೆಯೇ ಇರುತ್ತದೆ. ಇಷ್ಟಾದ ಮೇಲೆ ಉಳಿದುದು ತಾಯಿಯ ಕೆಲಸ. ರೆಕ್ಕೆ ಕೆದರಿ ನಿಂತ ತಾಯಿಯೆದುರು ತನಗಿಂತ ಮೇಲಿನ ಕೋಳಿಯೂ ಹಿಮ್ಮೆಟ್ಟುವುದುಂಟು.

ಇಲ್ಲಿ ಕೆಲವರು, ಪಕ್ಷಿಗಳಲ್ಲಿಯೇ ಮೇಲು ಕೀಳುಗಳಿರುವಾಗ ಮನುಷ್ಯರಲ್ಲಿ ಅದು ಸೃಷ್ಟಿನಿಯಮವೇ ಅಲ್ಲವೆ ಎಂದು ವಾದಿಸುವರು. ಇದು ಉಪಮೆಯ ಲಕ್ಷಣವನ್ನರಿಯದ ವಾದ. ಮುಖವನ್ನು ಚಂದ್ರನಿಗೆ ಹೋಲಿಸಿದ ಕವಿಯು ಚಂದ್ರನ ಕಲಂಕವನ್ನೂ ಮುಖಕ್ಕೆ ಅಂಟಿಸಿದನೆಂದು ಯಾವ ಆಲಂಕಾರಿಕನೂ ಹೇಳನು. ಉಪಮಾನ ಉಪಮೇಯಗಳಿಗೆ ಸಾಧಾರಣವಾದ ಧರ್ಮವೊಂದೇ ಅಲ್ಲಿ ವಿವಕ್ಷಿತ. ಬಸವಣ್ಣನವರು ಕೋಳಿಯಿಂದ ತೆಗೆದುಕೊಂಡುದು ಕರೆಯುವ ಗುಣವನ್ನು, ಕುಟುಕುವ ಗುಣವನ್ನಲ್ಲ. ಕುಟುಕುವ ಕೋಳಿಗೆ ಪಾಪವೂ ಇಲ್ಲ, ವಿವೇಕವಿಲ್ಲದುದಕ್ಕೆ ಪಾಪವೆಲ್ಲಿಯದು? ಆದರೆ ಕುಟುಕುತ್ತವೆಂದು ತಿಳಿದೂ ಬಾಗಿಲು ತೆರೆದು, 'ಅವು ಅವೇ ಸರಿಹೋಗುತ್ತವೆ' ಎಂದು ಒಳಗೆ ಹೋಗಿ ಮಲಗಿದ ಯಜಮಾನನಿಗೆ ಈ ಮಾಫಿ ಸಲ್ಲದು. ನನಗೆ ಮುಖ್ಯವೆಂದು ತೋರುವ ಪ್ರಶ್ನೆ ಇದು.

ಗಂಡನನ್ನು ಕಳೆದುಕೊಂಡೋ ಅವನಿಂದ ತೊರೆಯಲ್ಪಟ್ಟೋ ಮಕ್ಕಳೊಡನೆ ತವರಿಗೆ ಮರಳುವ ಹೆಣ್ಣುಮಗಳನ್ನು ಕೋಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಹೋಲುವುದು ಮನೆಯ ಹಿರಿಯನ ನಡತೆ. ತಾನು ಹುಟ್ಟಿ ಬೆಳೆದ ಮನೆಯಲ್ಲಿ ಆಕೆ ಈಗ ಅತಿಥಿಯೂ ಅಲ್ಲ, ಮನೆಯವಳೂ ಅಲ್ಲ. ಅಡುಗೆಮನೆಯ ಆಡಳಿತ ಅತ್ತಿಗೆಯ ಕೈಯಲ್ಲಿರುತ್ತದೆ. ಮಕ್ಕಳು ಎರಡನೆಯ ಸಲ ಹಾಲು ಕೇಳಿದಾಗ ಯಾರೂ ಬಯ್ಯುವುದಿಲ್ಲ, ಪಾತ್ರೆಯನ್ನು ಸ್ವಲ್ಪ ಸದ್ದಾಗುವಂತೆ ಇಡುತ್ತಾರೆ, ಅಷ್ಟೆ. ಹಿರಿಯನು ಅದನ್ನು ಕೇಳಿಯೂ ಕೇಳದಂತೆ, 'ಹೆಂಗಸರ ಮಾತು, ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತಾರೆ' ಎಂದು ಪೂಜೆಗೆ ಕೂರುತ್ತಾನೆ. ಇದನ್ನು ಸಮಚಿತ್ತವೆನ್ನುವವರಿದ್ದಾರೆ. ನಾನು ಅದನ್ನು ಕರ್ತವ್ಯಲೋಪವೆನ್ನುವೆನು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಯಾದ ಅಥವಾ ಗಂಡನು ತೊರೆದ ಮಗಳಿಗೆ ತಂದೆ ಬಿಟ್ಟುಹೋದ ಮನೆಯಲ್ಲಿ ವಾಸದ ಹಕ್ಕನ್ನಿತ್ತಿತು. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಆಕೆಯನ್ನು ಹುಟ್ಟಿನಿಂದಲೇ ಮಗನಿಗೆ ಸಮಾನಳನ್ನಾಗಿಸಿತು. ಕಾಯಿದೆ ಪಾಲನ್ನು ಕೊಡಿಸಬಲ್ಲುದು, ಪಂಕ್ತಿಯಲ್ಲಿ ಎಲೆ ಹಾಕಿಸಲಾರದು.

ಅತ್ತಿಗೆಯನ್ನು ಕ್ರೂರಿಯೆಂದು ತಿಳಿಯುವುದೂ ಅನ್ಯಾಯ. ಇಪ್ಪತ್ತು ವರ್ಷ ಆ ಒಲೆಯ ಮುಂದೆ ಬೆಂದು ಪಡೆದ ಸ್ಥಾನ ಜಾರೀತೆಂಬ ಭಯ ಆಕೆಗೂ ಉಂಟು. ಕಾಳನ್ನು ಎರಡು ಮೂರು ಕಡೆ ಇಡುವವನು ಹಳೆಯ ಹಿಂಡಿನ ಈ ಭಯವನ್ನೂ ಬಲ್ಲವನೇ. ಮರಳಿ ಬಂದವಳ ಕೈಗೆ ತನ್ನದೇ ಆದ ಒಂದು ಕೆಲಸ, ಒಂದಿಷ್ಟು ಹಣ ಇರುವಂತೆ ಮಾಡಿದರೆ ಪ್ರತಿಯೊಂದು ತುತ್ತೂ ಇನ್ನೊಬ್ಬಳ ಕೈಯಿಂದ ಬರಬೇಕಾದ ಹಂಗು ತಪ್ಪುತ್ತದೆ, ಇಬ್ಬರಿಗೂ ಉಸಿರಾಡಲು ಎಡೆ ಸಿಗುತ್ತದೆ.

ಹಾಗಾದರೆ ಮನುಷ್ಯರ ನಡುವೆಯೂ ಕೆಲಕಾಲ ತಡಿಕೆ ಬೇಕೆ? ಬೇಕಾಗಬಹುದು. ಬೇರೆ ಕೋಣೆ, ಬೇರೆ ಹೊತ್ತಿನ ಅಡುಗೆ ಮುಂತಾದವು ಮೊದಲ ದಿನಗಳ ಘರ್ಷಣೆಯನ್ನು ತಪ್ಪಿಸಿಯಾವು. ಆದರೆ ತಡಿಕೆಯಲ್ಲಿಯೂ ಎರಡು ವಿಧ. ಸಾಕುವವನ ತಡಿಕೆ ಎಳೆಯ ಮರಿಯನ್ನು ಕಾಯುತ್ತದೆ, ಅದರ ಎರಡೂ ಕಡೆ ಕಾಳು ಇರುತ್ತದೆ, ಅದನ್ನು ಬಿಚ್ಚುವ ದಿನ ಕಟ್ಟುವಾಗಲೇ ಅವನ ಮನಸ್ಸಿನಲ್ಲಿರುತ್ತದೆ. ಕಾಳೆಲ್ಲ ಒಂದೇ ಕಡೆಯಿದ್ದು, ಬಿಚ್ಚುವ ದಿನವೇ ಇಲ್ಲದಿದ್ದರೆ ಅದು ತಡಿಕೆಯಲ್ಲ, ಗೋಡೆ. 'ಕಾಲ ಬರಲಿ, ಕ್ರಮೇಣ ಆಗಲಿ' ಎಂಬ ಮಾತನ್ನು ಆಡುವವರನ್ನು ಕೇಳಬೇಕಾದುದು, ಆ ಕಾಲ ಎಷ್ಟು ದಿನದ್ದು ಎಂಬುದನ್ನೇ. ಉತ್ತರವಿಲ್ಲದಿದ್ದರೆ ಅವರ ಬಾಗಿಲಲ್ಲಿ ಎಷ್ಟು ಜಂಗಮರಿಗೆ ದಾಸೋಹ ನಡೆದರೂ ಒಳಗಿನ ಕರೆ ನಿಂತುಹೋಗಿದೆ.

ಮೊದಲ ದಿನ ಹಿರಿಯನು ಮಾಡಬಹುದಾದುದು ಬಹಳವೇನಲ್ಲ. ಊಟದ ಹೊತ್ತಿಗೆ ಮಗಳ ಮಕ್ಕಳನ್ನು ಹೆಸರು ಹಿಡಿದು ಕರೆದು, ಮೊಮ್ಮಕ್ಕಳೆಲ್ಲರ ಸಾಲಿನಲ್ಲಿ, ತನ್ನ ಎಡಬಲದಲ್ಲಿ ಕೂರಿಸಿಕೊಳ್ಳಲಿ. ಬಡಿಸುವವರು ನೋಡುತ್ತಿರುತ್ತಾರೆ.