ಬೇಲಿಯನ್ನರಿಯದ ಜೇನು

“ಹೊಲವು ನನ್ನದು, ಔಷಧವೂ ನನ್ನ ಹಣದ್ದು, ನಾನು ಅದನ್ನು ಯಾವಾಗ ಹೊಡೆದರೆ ನೆರೆಯವನಿಗೇನು?” ಎಂದು ಹೇಳುವವರುಂಟು. ಈ ಮಾತು ನ್ಯಾಯವೋ ಎಂಬದನ್ನು ವಿಚಾರಿಸೋಣ.

ಎಲ್ಲಾ ಬೆಳೆಗಳಿಗೂ ಹುಳಗಳ ಸಹಾಯ ಬೇಕಿಲ್ಲ. ಭತ್ತದ ಹೂವು ತನ್ನ ಪರಾಗದಿಂದಲೇ ಕಾಳುಕಟ್ಟುತ್ತದೆ. ಮುಸುಕಿನ ಜೋಳದ ಪರಾಗವನ್ನು ಗಾಳಿಯು ಒಯ್ಯುತ್ತದೆ. ಕುಂಬಳದ ಬಳ್ಳಿಯಲ್ಲಾದರೋ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಪರಾಗವು ಅಂಟುಳ್ಳದ್ದಾದದರಿಂದ ಗಾಳಿಗೆ ಹಾರದು. ಆ ಹೂವು ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಅಷ್ಟರಲ್ಲಿ ಜೇನ್ನೊಣ ಮೊದಲಾದ ಹುಳಗಳು ಬಾರದಿದ್ದರೆ ಮಿಡಿಯು ಹಳದಿಯಾಗಿ ಉದುರುವದು. ಈ ಕೆಲಸಗಾರರು ಬೇಲಿಯನ್ನರಿಯರು. ನಿಮ್ಮ ಹೂವಿನಿಂದೆದ್ದ ನೊಣವು ನೆರೆಯವನ ಹಿತ್ತಲಿಗೂ ಹೋಗುವದು.

ಬಾಸೆಲ್ ಪಟ್ಟಣದ ಉತ್ತರಕ್ಕಿರುವ ರೈನ್ ನದಿಯ ಕಣಿವೆಯಲ್ಲಿ 2008ನೆಯ ಇಸವಿಯ ವಸಂತಕಾಲದಲ್ಲಿ ನಡೆದದ್ದನ್ನು ಕೇಳಿರಿ. ಅಲ್ಲಿಯ ರೈತರು ವಿಷಲೇಪಿತವಾದ ಮುಸುಕಿನ ಜೋಳದ ಬೀಜವನ್ನು ಯಂತ್ರದಿಂದ ಬಿತ್ತಿದರು. ಲೇಪವು ಸರಿಯಾಗಿ ಅಂಟದೆ ಧೂಳಾಗಿ, ಗಾಳಿಯಲ್ಲಿ ತೇಲಿ, ಆಚೆಯ ಹೂವುಗಳ ಮೇಲೆ ಕೂತಿತು. 11,000ಕ್ಕಿಂತ ಹೆಚ್ಚು ಜೇನುಕುಟುಂಬಗಳು ಹಾನಿಹೊಂದಿದವು. ಬಿತ್ತಿದವರಲ್ಲಿ ಯಾರೂ ಕೇಡನ್ನು ಬಯಸಿರಲಿಲ್ಲ.

ಒಬ್ಬನು ಹೊತ್ತಿಸಿದ ಬೆಂಕಿಯು ಮುಳ್ಳಿಗೆ ತಗಲಿ ನೆರೆಯವನ ಪೈರನ್ನು ಸುಟ್ಟರೆ, ಹೊತ್ತಿಸಿದವನೇ ಆ ನಷ್ಟವನ್ನು ತುಂಬಿಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಅಲ್ಲಿಯೂ ಅವನ ಮನಸ್ಸಿನಲ್ಲಿ ಕೇಡಿತ್ತೋ ಎಂಬ ಪ್ರಶ್ನೆಯಿಲ್ಲ. ಬೆಂಕಿ ಯಾರದೆಂಬದೇ ಪ್ರಶ್ನೆ. ಆದರೆ ಬೆಂಕಿಗೆ ಹೊಗೆಯು ಸಾಕ್ಷಿ. ರೈನ್ ಕಣಿವೆಯ ಜೇನುಗಳಿಗೆ ಒಡೆಯರಿದ್ದರು. ಅವರು ಸತ್ತ ನೊಣಗಳನ್ನು ಕಂಡು ಪರೀಕ್ಷೆಗೆ ಕಳುಹಿಸಿದರು. ನಮ್ಮ ಮರದ ಪೊಟರೆಯ ತುಡುವೆಗೂ ಕೊಂಬೆಯ ಹೆಜ್ಜೇನಿಗೂ ಒಡೆಯನು ಯಾರು? ಅವು ಸತ್ತರೆ ಎಣಿಸುವವರಿಲ್ಲ. ಮಿಡಿ ಉದುರಿದ ಬಡ ವಿಧವೆಯು ಬೀಜವನ್ನೋ ಮಳೆಯನ್ನೋ ದೂರುವಳೇ ಹೊರತು ನಿಮ್ಮನ್ನು ದೂರಳು.

“ಕೀಟವು ಬೆಳೆಯನ್ನು ತಿಂದರೆ ನನ್ನ ಮಕ್ಕಳು ಏನು ಉಣ್ಣಬೇಕು?” ಎಂದು ಕೇಳುವಿರೋ? ಇದು ಹಗುರವಾದ ಮಾತಲ್ಲ. ಬೆಳೆಯನ್ನು ಕಾಯುವದು ಪಾಪವಲ್ಲ. ಆದರೆ ಹೂವರಳಿ ಜೇನು ಆಡುವ ಹೊತ್ತಿನಲ್ಲಿ ಹೊಡೆಯದೆ ಸಂಜೆಯ ವರೆಗೆ ಕಾಯಬಹುದು. ಮರುದಿನದ ವರೆಗೂ ವಿಷವುಳಿಯುವ ಔಷಧವನ್ನು ಹೂಗಾಲದಲ್ಲಿ ಮುಟ್ಟದೆ ಇರಬಹುದು. ಇದರಿಂದ ಸ್ವಲ್ಪ ನಷ್ಟವಾದೀತು. ಆ ನಷ್ಟವು ನೆರೆಯವನಿಗೆ ಸಲ್ಲಬೇಕಾದ ಸಾಲವೆಂದು ತಿಳಿಯಿರಿ; ಯಾಕಂದರೆ ಸತ್ತ ಜೇನನ್ನು ತಿರಿಗಿ ಕೊಡುವದು ನಮ್ಮಿಂದಾಗದು.

ಮನುಷ್ಯರು ಸಾಕ್ಷಿ ಹೇಳಲಾರದ ಕಡೆಯಲ್ಲಿ ನಾವು ಹೇಗೆ ನಡೆಯುತ್ತೇವೆ ಎಂಬದನ್ನು ಕರ್ತನು ನೋಡುತ್ತಾನೆ.